ದಟ್ಟ ಗಾಳಿಯಲ್ಲಿ ಕಿಡಿ

ಮೊದಲ ಸದ್ದು ಕಾರಿನದಲ್ಲ, ಕೆರೆಯದು ಎಂದುಕೊಂಡೆ. ಮಾರ್ಚ್ ತಿಂಗಳಲ್ಲಿ ಹೌಕಿಯಾರ್ವಿ ಕೆರೆಯ ಮಂಜುಗಡ್ಡೆ ಹಾಗೆ ಸದ್ದು ಮಾಡುತ್ತದೆ. ಬಿಸಿಲು ಬಿದ್ದಲ್ಲಿ ಹಿಗ್ಗುತ್ತದೆ, ನೆರಳಿನಲ್ಲಿ ಬಿಗಿಯುತ್ತದೆ, ನಡುವೆ ಎಲ್ಲೋ ಹುಟ್ಟಿದ ಬಿರುಕು ಈ ದಡದಿಂದ ಆ ದಡದವರೆಗೆ ಓಡುತ್ತದೆ. ಆದರೆ ಎರಡನೆಯ ಸದ್ದಿಗೆ ಕಾರು ಮುಗ್ಗರಿಸಿತು. ಮೂರನೆಯದಕ್ಕೆ ಹಿಂದಿನ ಗಾಜಿನಲ್ಲಿ ಕಿತ್ತಳೆ ಬಣ್ಣದ ಬೆಂಕಿ ಮಿಂಚಿ ಆರಿತು.

"ಶುರುವಾಯ್ತು ನೋಡು ಕೆಮ್ಮು," ಎಂದು ಟೆಲ್ಲರ್ವೊ ಆಕ್ಸಿಲರೇಟರ್ ಮೇಲಿನ ಕಾಲು ತೆಗೆದಳು.

ಕಾರು ನಿಧಾನವಾಯಿತು. ಎರಡೂ ಬದಿಯಲ್ಲಿ ಹಿಮದೊಳಗೆ ನೆಟ್ಟಿದ್ದ ಸ್ಪ್ರೂಸ್ ಮರದ ಕೊಂಬೆಗಳು, ಅಷ್ಟು ಹೊತ್ತು ಒಂದೇ ಹಸಿರು ಗೆರೆಯಾಗಿದ್ದಂಥವು, ಈಗ ಬಿಡಿಬಿಡಿಯಾಗಿ ಕಾಣತೊಡಗಿದವು. ಮಂಜುಗಡ್ಡೆಯ ಮೇಲಿನ ನೇರ ದಾರಿ ಅರ್ಧವೂ ಮುಗಿದಿರಲಿಲ್ಲ.

ಟೆಲ್ಲರ್ವೊ ನನ್ನ ಅಕ್ಕ. ಇಡೀ ಊರಿನ ಮಕ್ಕಳನ್ನು ಬಸ್ಸಿನಲ್ಲಿ ಶಾಲೆಗೆ ಮುಟ್ಟಿಸುತ್ತಿದ್ದವಳು. ಈಗ ಊರಿನ ಮೇಷ್ಟರೂ ಪಾದ್ರಿಯೂ ಅವಳ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಬೆಳೆದವರೇ. ಹೋದ ಶರತ್ಕಾಲದಲ್ಲಿ ಕಣ್ಣಿನ ಡಾಕ್ಟರು ಅವಳ ನೋಟದ ಅಂಚುಗಳು ಸವೆದುಹೋಗುತ್ತಿವೆ ಎಂದು ಹೇಳಿದರು. ಎದುರಿಗಿರುವುದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ, ನಡುವಿನ ಕಿಂಡಿಯೂ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಬಸ್ಸಿನ ಲೈಸೆನ್ಸ್ ಆ ವಾರವೇ ಹೋಯಿತು. ಕಾರಿನದ್ದು ಏಪ್ರಿಲ್ ಕೊನೆಯವರೆಗೆ. ಮುಂದಿನ ಚಳಿಗಾಲದಲ್ಲಿ ಕೆರೆ ಮತ್ತೆ ಹೆಪ್ಪುಗಟ್ಟುತ್ತದೆ, ಆದರೆ ಅವಳಿಗಾಗಿ ಅಲ್ಲ.

ಅವಳು ಅತ್ತಿದ್ದನ್ನು ನಾನು ನೋಡಲಿಲ್ಲ. ಒಂದು ದಿನ ಕಾಫಿ ಬಗ್ಗಿಸುತ್ತಾ, ಬಟ್ಟಲು ಎಲ್ಲಿದೆ ಎಂದು ಬೆರಳಲ್ಲಿ ತಡವಿ ನೋಡಿ, "ಕೆರೆ ಮೇಲೆ ಒಂದ್ಸಲ ಪೂರ್ತಿ ಓಡಿಸ್ಬೇಕು ಕಣೋ," ಎಂದಿದ್ದಳು, ಅಷ್ಟೆ. ಪೂರ್ತಿ ಎಂದರೆ ನೇರ ದಾರಿಯ ಈ ತುದಿಯಿಂದ ಆ ತುದಿಯವರೆಗೆ, ಕಾಲು ಎತ್ತದೆ. ಮೂವತ್ತು ವರ್ಷ ಮಕ್ಕಳನ್ನು ಕೂರಿಸಿಕೊಂಡು ಮೆಲ್ಲಗೆ ಹೋದವಳ ಕೋರಿಕೆ ಇದೊಂದೇ. ಪ್ರತಿ ಚಳಿಗಾಲ ನಮ್ಮ ಊರಿನ ಕಾರು ಕ್ಲಬ್ಬಿನವರು ಕೆರೆಯ ಮೇಲಿನ ಹಿಮ ಸರಿಸಿ ಆ ದಾರಿ ಮಾಡುತ್ತಾರೆ. ಶನಿವಾರ, ಭಾನುವಾರ ಯಾರು ಬೇಕಾದರೂ ಸರದಿಯಲ್ಲಿ ಓಡಿಸಬಹುದು. ಬಿಸಿಲು ಬಲಿತಿದ್ದರಿಂದ ಇದೇ ಕೊನೆಯ ವಾರ. ಭಾನುವಾರ ಮಧ್ಯಾಹ್ನ ಎರಡಕ್ಕೆ ಕೆಂಪು ಬಾವುಟ ಏರುತ್ತದೆ, ಆಮೇಲೆ ಮಂಜುಗಡ್ಡೆಯ ಮೇಲೆ ವಾಹನ ಇಳಿಸುವಂತಿಲ್ಲ.

ಕಾರು ಅವಳದೇ. ಹಳೆಯದು, ಚೌಕಾಕಾರದ ಮೂತಿಯದು, ಒಳಗೆ ಟರ್ಬೊ. ಅದರ ರಿಪೇರಿ ಮಾತ್ರ ನನ್ನದು, ಯಾಕೆಂದರೆ ತಾಂತ್ರಿಕ ಶಾಲೆಯಲ್ಲಿ ನಾನು ಕಾರಿನ ವಿದ್ಯುತ್ ಕಲಿಸುತ್ತೇನೆ. ಟರ್ಬೊ ಬಗ್ಗೆ ಮೊದಲ ದಿನ ಹುಡುಗರಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ. ಎಂಜಿನ್ ಉಸಿರು ಬಿಡುವ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಆ ಚಕ್ರ ಇನ್ನೊಂದನ್ನು ತಿರುಗಿಸುತ್ತದೆ. ಇನ್ನೊಂದು, ಎಂಜಿನ್ನಿನ ಗಂಟಲೊಳಕ್ಕೆ ಗಾಳಿಯನ್ನು ಒತ್ತಿ ಒತ್ತಿ ತುರುಕುತ್ತದೆ. ಬಿಟ್ಟ ಉಸಿರೇ ಮುಂದಿನ ಉಸಿರನ್ನು ದೊಡ್ಡದು ಮಾಡುತ್ತದೆ. ಹುಡುಗರು ಆಕಳಿಸುತ್ತಾರೆ.

ಶನಿವಾರದ ಆ ಮೊದಲ ಓಟದಿಂದ ವಾಪಸ್ ಬರುವಾಗ ಆರ್ಮಾಸ್ ಮಂಜುಗಡ್ಡೆಗೆ ತೂತು ಕೊರೆದು, ಪುಟ್ಟ ಸ್ಟೂಲಿನ ಮೇಲೆ ಕೂತು ಮೀನು ಹಿಡಿಯುತ್ತಿದ್ದ. ನಮ್ಮ ಪಕ್ಕದ ಮನೆಯವನು. ಅವನಿಗೆ ಮೀನು ಸಿಕ್ಕಿದ್ದನ್ನು ಯಾರೂ ನೋಡಿಲ್ಲ, ಅವನು ಬರಿಗೈಯಲ್ಲಿ ಮನೆಗೆ ಹೋಗಿದ್ದನ್ನೂ ನೋಡಿಲ್ಲ.

"ಏನಮ್ಮಾ ಟೆಲ್ಲರ್ವೊ, ಯುದ್ಧ ಮುಗ್ದು ಯಾವ ಕಾಲ ಆಯ್ತು! ಇನ್ನೂ ಗುಂಡು ಹಾರಿಸ್ತಿದೀಯಲ್ಲ!"

"ನಿನ್ ಮೀನುಗಳಿಗೆ ಎಚ್ಚರ ಆಗ್ಲಿ ಅಂತ ಕಣಯ್ಯ. ನಿದ್ದೆಗಣ್ಣಲ್ಲಿ ಒಂದೂ ನಿನ್ ಗಾಳ ಹುಡುಕ್ಕೊಂಡು ಬರ್ತಿಲ್ವಲ್ಲ."

"ಟ್ಯಾಂಕಿಗೆ ಸ್ಪಿರಿಟ್ ಹಾಕಿದೀರೋ ಇಲ್ವೋ?"

ಬಂತು. ನಮ್ಮ ಕಡೆ ಚಳಿಗಾಲದಲ್ಲಿ ಕಾರಿಗೆ ಏನೇ ಆಗಲಿ, ಮೊದಲು ಕೇಳುವ ಪ್ರಶ್ನೆ ಅದು. ಪೆಟ್ರೋಲಿನಲ್ಲಿ ನೀರು ಸೇರುತ್ತದೆ, ನೀರು ಹೆಪ್ಪುಗಟ್ಟಿ ಕೊಳವೆಯಲ್ಲಿ ಕೂರುತ್ತದೆ, ಒಂದು ಬಾಟಲಿ ಸ್ಪಿರಿಟ್ ಸುರಿದರೆ ಅದು ಕರಗಿ ಹೋಗುತ್ತದೆ. ಬಾಗಿಲು ಕಿರುಗುಟ್ಟಿದರೂ ಸ್ಪಿರಿಟ್, ಹೀಟರ್ ಕೆಟ್ಟರೂ ಸ್ಪಿರಿಟ್. ಹೆಂಡತಿ ತವರಿಗೆ ಹೋದಾಗ ಆರ್ಮಾಸನಿಗೂ ಯಾರೋ ಅದನ್ನೇ ಸೂಚಿಸಿದ್ದರಂತೆ. ಪ್ರತಿ ಡಿಕ್ಕಿಯಲ್ಲೂ ಎರಡು ಬಾಟಲಿ ಇದ್ದೇ ಇರುತ್ತವೆ. ಬೆಳಿಗ್ಗೆಯೇ ಒಂದು ಸುರಿದಿದ್ದೆ. ಈಗ ಇನ್ನೊಂದು ಸುರಿದೆ.

ಎರಡನೆಯ ಓಟದಲ್ಲಿ ಕೆಮ್ಮು ಇನ್ನೂ ಬೇಗ ಬಂತು.

ಬಾನೆಟ್ ಎತ್ತಿದೆ. ಮೈನಸ್ ಇಪ್ಪತ್ತೆರಡು. ಗಾಳಿಯ ಕೊಳವೆ ಎಲ್ಲಾದರೂ ಸೋರುತ್ತಿದೆಯೇ ನೋಡೋಣವೆಂದು ಸೋಪಿನ ನೀರು ಹಚ್ಚಿದರೆ, ಗುಳ್ಳೆ ಏಳುವ ಮೊದಲೇ ನೊರೆ ಗಾಜಾಯಿತು. ಕೊಳವೆಗಳನ್ನು ಒಂದೊಂದಾಗಿ ಹಿಸುಕಿ ನೋಡಿದೆ, ಬಿರುಕಿಲ್ಲ. ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ, ವೈರು ಸಿಕ್ಕಿಸಿಯೇ ಎಂಜಿನ್ನಿನ ಲೋಹದ ಮೇಲೆ ಮಲಗಿಸಿ, "ತಿರುಗ್ಸು" ಎಂದೆ. ಟೆಲ್ಲರ್ವೊ ಕೀಲಿ ತಿರುಗಿಸಿದಳು. ಪ್ಲಗ್ಗಿನ ಎರಡು ತುದಿಗಳ ನಡುವೆ ಚಟ್ ಚಟ್ ಎಂದು ನೀಲಿ ಕಿಡಿ ಹಾರಿತು. ದಪ್ಪ, ಉದ್ದ, ತೃಪ್ತಿ ಕೊಡುವಂಥ ಕಿಡಿ. ನಾಲ್ಕೂ ಹಾಗೆಯೇ.

"ಕಿಡೀಲಿ ಏನೂ ದೋಷ ಇಲ್ಲ," ಎಂದೆ.

"ಮತ್ತೆ ನಿನ್ ಸ್ಕೂಲಲ್ಲಿ ಯಾಕೆ ಸರಿಯಾಗಿ ಓಡ್ತು?"

ಅದೇ ನನಗೂ ಅರ್ಥವಾಗದ್ದು. ಹಿಂದಿನ ವಾರ ಶಾಲೆಯ ಬೆಚ್ಚಗಿನ ಗ್ಯಾರೇಜಿನಲ್ಲಿ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ಪೂರ್ತಿ ಓಡಿಸಿದ್ದೆ. ಒಮ್ಮೆಯೂ ತೊದಲಲಿಲ್ಲ. ಹುಡುಗರು ಆಕಳಿಸುವುದನ್ನು ನಿಲ್ಲಿಸಿ ಕಿವಿ ಮುಚ್ಚಿಕೊಂಡಿದ್ದರು. ಇಲ್ಲಿ ಕೆರೆಯ ಮೇಲೆ, ಮೆಲ್ಲಗೆ ಹೋದರೆ ಬೆಣ್ಣೆಯಂತೆ ಹೋಗುತ್ತದೆ, ಟರ್ಬೊ ತುಂಬಿಕೊಂಡು ಒತ್ತತೊಡಗಿದ ಕ್ಷಣ ಮುಗ್ಗರಿಸುತ್ತದೆ, ಹಿಂದಿನ ಕೊಳವೆಯಲ್ಲಿ ಪಟಾಕಿ.

ಮಧ್ಯಾಹ್ನ ಬಿಸಿಲೇರಿ ಚಳಿ ಮೈನಸ್ ಎಂಟಕ್ಕೆ ಇಳಿದಾಗ ಮತ್ತೊಮ್ಮೆ ಓಡಿಸಿದೆವು. ಈ ಸಲ ದಾರಿಯ ಮುಕ್ಕಾಲು ಭಾಗ ಸುಮ್ಮನೆ ಹೋಯಿತು, ಆಮೇಲೆ ಕೆಮ್ಮಿತು.

"ನೋಡಿದ್ಯಾ? ಬಿಸಿಲಿಗೆ ಒಳಗಿನ ನೀರು ಕರಗ್ತಾ ಇದೆ," ಎಂದೆ.

"ನೀರಾಗಿದ್ರೆ ಮೆಲ್ಲಗೆ ಹೋಗೋವಾಗ್ಲೂ ಕೆಮ್ಬೇಕಿತ್ತಲ್ವೇನೋ?" ಅವಳು ತಲೆಯನ್ನು ಪೂರ್ತಿ ನನ್ನ ಕಡೆ ತಿರುಗಿಸಿದಳು. ಈಗೀಗ ಯಾರನ್ನಾದರೂ ನೋಡಬೇಕೆಂದರೆ ಹಾಗೆ ತಿರುಗಬೇಕು. "ನೀನು ನಂಗೆ ಸಮಾಧಾನ ಮಾಡೋಕೆ ಏನೋ ಒಂದು ಹೇಳ್ಬೇಡ. ನಾಳೆ ಒಂದೇ ದಿನ ಇರೋದು."

ಸಂಜೆ ಕಾರನ್ನು ಅಲ್ಲೇ, ಬೇರೆ ಕಾರುಗಳ ಸಾಲಿನಲ್ಲಿ ಬಿಟ್ಟೆವು. ಬಾನೆಟ್ ಮೇಲೆ ಕಂಬಳಿ ಹೊದಿಸಿದೆ. ಸುಡದೆ ಉಳಿದ ಪೆಟ್ರೋಲಿಗೆ ಒದ್ದೆಯಾಗಿದ್ದ ನಾಲ್ಕೂ ಪ್ಲಗ್ಗುಗಳನ್ನು ಒಣಗಿಸಲೆಂದು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ನನ್ನ ವ್ಯಾನಿನಲ್ಲಿ ಇಬ್ಬರೂ ವಿಮಾನ ಕ್ಲಬ್ಬಿಗೆ ಹೋದೆವು. ವಿಮಾನದವರ ಹತ್ತಿರ ಇನ್ನೂ ಶುದ್ಧವಾದ ಸ್ಪಿರಿಟ್ ಇರುತ್ತದೆ. ಹೌದು, ಇನ್ನೂ ಸ್ಪಿರಿಟ್ಟಿನ ಹಿಂದೆಯೇ ಇದ್ದೆ.

ಕ್ಲಬ್ಬಿನ ಎರಡು ಪುಟ್ಟ ವಿಮಾನಗಳನ್ನು ನೋಡಿಕೊಳ್ಳುವವಳು ಮಿರ್ಯಾ. ಟೆಲ್ಲರ್ವೊಳ ಗೆಳತಿ, ಅವಳಷ್ಟೇ ವಯಸ್ಸು, ಅವಳಿಗಿಂತ ದೊಡ್ಡ ಬಾಯಿ. ಚಳಿಗಾಲದಲ್ಲಿ ವಿಮಾನಗಳು ರೆಕ್ಕೆಗೆ ಹೊದಿಕೆ ಹೊದ್ದು ನಿಂತಿರುತ್ತವೆ, ಅವಳು ಅವುಗಳ ಎಂಜಿನ್ ಬಿಚ್ಚಿ ಹರಡಿಕೊಂಡಿರುತ್ತಾಳೆ.

"ಸ್ಪಿರಿಟ್ ಕೊಡ್ತೀನಪ್ಪ. ಕಾರಿಗೆ ಅಂತ ಹೇಳಿ ಇಸ್ಕೊಂಡು ಹೋದ ಗಂಡಸ್ರನ್ನ ಬಹಳ ನೋಡಿದೀನಿ," ಎಂದಳು.

"ಇವನು ಕುಡಿಯಲ್ಲ ಬಿಡೇ. ಕುಡಿದಿದ್ರೆ ಇಷ್ಟೊತ್ತಿಗೆ ಕಾರು ಸರಿಯಾಗಿರ್ತಿತ್ತು," ಎಂದಳು ಅಕ್ಕ.

ಮಿರ್ಯಾಳ ಮೇಜಿನ ಮೇಲೆ ಒಂದು ಕಬ್ಬಿಣದ ಪೆಟ್ಟಿಗೆಯಿತ್ತು. ಹಸಿರು ಬಣ್ಣ ಕಿತ್ತುಹೋಗಿತ್ತು. ಪಕ್ಕದಲ್ಲಿ ಗಾಳಿಯ ಪಂಪಿನಿಂದ ಬಂದ ಕೊಳವೆ, ಅದಕ್ಕೊಂದು ನಲ್ಲಿ, ಮೇಲೆ ಒತ್ತಡ ತೋರಿಸುವ ಮುಳ್ಳು, ಮುಂದುಗಡೆ ಅಂಗಿಯ ಗುಂಡಿಯಷ್ಟು ದೊಡ್ಡ ದಪ್ಪ ಗಾಜಿನ ಕಿಂಡಿ. ವಿಮಾನದ ಪ್ಲಗ್ಗುಗಳನ್ನು ಒಂದೊಂದಾಗಿ ಅದಕ್ಕೆ ತಿರುಪಿ, ಒಳಗೆ ಗಾಳಿ ತುಂಬಿ, ಗುಂಡಿ ಒತ್ತಿ ನೋಡುತ್ತಿದ್ದಳು. ಹಾರುವಾಗ ಪ್ಲಗ್ ಕೈಕೊಟ್ಟರೆ ರಸ್ತೆ ಬದಿಯಲ್ಲಿ ನಿಲ್ಲಿಸಲಾಗುವುದಿಲ್ಲವಲ್ಲ.

ಅವಳು ಸ್ಪಿರಿಟ್ ತರಲು ಹೋದಾಗ ಟೆಲ್ಲರ್ವೊ ಬೇಸರಕ್ಕೆ ಆ ಕಿಂಡಿಗೆ ಕಣ್ಣಿಟ್ಟು ಗುಂಡಿ ಒತ್ತಿದಳು. ನಲ್ಲಿಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿದಳು.

"ಇಲ್ಲಿ ಬಾರೋ. ಇದು ಆರಿಹೋಗತ್ತೆ."

"ಏನು ಆರಿಹೋಗತ್ತೆ?"

"ಕಿಡಿ. ಗಾಳಿ ಜಾಸ್ತಿ ಬಿಟ್ರೆ ಆರಿಹೋಗತ್ತೆ. ಕಮ್ಮಿ ಮಾಡಿದ್ರೆ ಮತ್ತೆ ಬರತ್ತೆ."

"ಅದು ಕೆಟ್ಟಿರೋ ಪ್ಲಗ್ಗು, ಎಸೆಯೋಕೆ ಇಟ್ಟಿದೀನಿ," ಎಂದು ಮಿರ್ಯಾ ಒಳಗಿನಿಂದ ಕೂಗಿದಳು.

ನಾನು ಜೇಬಿನಿಂದ ನಮ್ಮದೊಂದು ಪ್ಲಗ್ ತೆಗೆದೆ. ಯಾಕೆ ತೆಗೆದೆನೋ ಆಗ ಸರಿಯಾಗಿ ಗೊತ್ತಿರಲಿಲ್ಲ. ಕೈ ತಲೆಗಿಂತ ಮುಂದಿತ್ತು. ಮಿರ್ಯಾಳ ಡಬ್ಬಿಯಲ್ಲಿ ಕಾರಿನ ಪ್ಲಗ್ಗಿಗೆ ಹೊಂದುವ ಹಿತ್ತಾಳೆಯ ಬಳೆಯೊಂದಿತ್ತು. ಅದನ್ನು ಸಿಕ್ಕಿಸಿ ನಮ್ಮದನ್ನು ತಿರುಪಿದೆವು. ದೀಪದ ಬೆಳಕು ಗಾಜಿನ ಮೇಲೆ ಹೊಳೆಯುತ್ತಿತ್ತು. ಮಿರ್ಯಾ ತನ್ನ ದೊಡ್ಡ ಕೋಟನ್ನು ತಂದು ಅಕ್ಕ ತಮ್ಮ ಇಬ್ಬರ ತಲೆಯ ಮೇಲೂ ಹೊದಿಸಿದಳು. ಎಣ್ಣೆ, ಕಾಫಿ, ಉಣ್ಣೆಯ ವಾಸನೆಯ ಕತ್ತಲು. ಟೆಲ್ಲರ್ವೊಳ ಕೆನ್ನೆ ನನ್ನ ಕೆನ್ನೆಗೆ ತಾಗುತ್ತಿತ್ತು. ಚಿಕ್ಕಂದಿನ ನಂತರ ನಾವು ಇಷ್ಟು ಹತ್ತಿರ ಬಂದಿರಲಿಲ್ಲ.

ಗುಂಡಿ ಒತ್ತಿದೆ.

ಕೆರೆಯ ಮೇಲೆ ನೋಡಿದ್ದ ಅದೇ ಕಿಡಿ: ನೀಲಿ, ಉದ್ದ, ಆರೋಗ್ಯವಂತ. ನಲ್ಲಿ ತಿರುಗಿಸಿದೆ. ಗಾಳಿ ಒಳಗೆ ನುಗ್ಗುವ ಸಣ್ಣ ಸಿಳ್ಳೆ. ಕಿಡಿ ತೆಳ್ಳಗಾಯಿತು, ಬೆಳ್ಳಗಾಯಿತು. ಇನ್ನಷ್ಟು ತಿರುಗಿಸಿದೆ. ಅದು ದಾರಿ ಹುಡುಕತೊಡಗಿತು. ನೇರ ಹಾರುತ್ತಿದ್ದದ್ದು ಒಂದು ಸಲ ಎಡಕ್ಕೆ ಬಾಗಿತು, ಒಂದು ಸಲ ಪಿಂಗಾಣಿಯ ಮೈಮೇಲೆ ಹರಿದು ಏರಲು ನೋಡಿತು, ಎರಡಾಗಿ ಸೀಳಿತು, ಒಂದಾಯಿತು. ಅಲ್ಲೇನೂ ಇರಲಿಲ್ಲ, ಬರಿಯ ಗಾಳಿ. ನಾವು ಉಸಿರಾಡುವ, ಕೈ ಬೀಸಿದರೆ ಸರಿದುಹೋಗುವ ಗಾಳಿ. ಅದರೊಳಗೆ ಮಿಂಚಿಗೇ ದಾರಿ ಸಿಗುತ್ತಿರಲಿಲ್ಲ. ಮುಳ್ಳು ಇನ್ನೊಂದು ಗೆರೆ ಏರಿತು. ಕಿಡಿ ಆರಿತು. ಗುಂಡಿ ಒತ್ತಿಯೇ ಇತ್ತು, ವಿದ್ಯುತ್ತು ಬರುತ್ತಲೇ ಇತ್ತು, ಎರಡು ತುದಿಗಳೂ ಅಲ್ಲೇ ಎದುರುಬದುರು ಇದ್ದವು. ನಡುವೆ ಕತ್ತಲು.

ನನಗೆ ಇದು ಗೊತ್ತಿತ್ತು. ಗಾಳಿ ದಟ್ಟವಾದಷ್ಟೂ ಕಿಡಿ ಹಾರುವುದು ಕಷ್ಟವೆಂದು ಪ್ರತಿ ಸೆಪ್ಟೆಂಬರಿನಲ್ಲಿ ಹಲಗೆಯ ಮೇಲೆ ಗೆರೆ ಎಳೆದು ಕಲಿಸಿದ್ದೇನೆ. ಆದರೆ ಗೆರೆ ಎಳೆಯುವಾಗ ಗಾಳಿಯನ್ನು ಒಂದು ವಸ್ತುವೆಂದು ನಾನು ಒಮ್ಮೆಯೂ ನಂಬಿರಲಿಲ್ಲ. ಈಗ ಅದು ಗೋಡೆಯಂತೆ ನಿಂತಿತ್ತು, ಕಾಣದ ಗೋಡೆ.

"ಚಳಿಗೆ ಗಾಳಿ ದಪ್ಪ ಆಗತ್ತಲ್ವಾ?" ಟೆಲ್ಲರ್ವೊ ಪಿಸುಗುಟ್ಟಿದಳು.

"ಆಗತ್ತೆ."

"ಟರ್ಬೊ ಅದನ್ನ ಇನ್ನೂ ದಪ್ಪ ಮಾಡತ್ತೆ."

"ಹೂಂ."

"ನಿನ್ ಸ್ಕೂಲು ಬೆಚ್ಚಗಿತ್ತು."

ನವೆಂಬರಿನಲ್ಲಿ ಈ ಪ್ಲಗ್ಗುಗಳ ತುದಿಗಳ ನಡುವಿನ ಸಂದನ್ನು ನಾನೇ ಅಗಲ ಮಾಡಿದ್ದೆ. ಊರಿನವರೆಲ್ಲ ಮಾಡುತ್ತಾರೆ. ನಮಗೆ ಕಾರು ಎಂದರೆ ಕೊರೆಯುವ ಬೆಳಗಿನಲ್ಲಿ ಸ್ಟಾರ್ಟ್ ಆಗಬೇಕಾದ ವಸ್ತು, ಆಮೇಲೆ ಅದು ಏನು ಮಾಡುತ್ತದೆ ಎಂದು ಯಾರೂ ಹೆಚ್ಚು ಯೋಚಿಸುವುದಿಲ್ಲ. ತುದಿಗಳು ದೂರವಿದ್ದರೆ ಕಿಡಿ ಉದ್ದವಾಗುತ್ತದೆ, ಉದ್ದ ಕಿಡಿ ತಣ್ಣನೆಯ ಪೆಟ್ರೋಲನ್ನು ಬೇಗ ಹೊತ್ತಿಸುತ್ತದೆ. ನಿಜವೇ. ಆದರೆ ಮಂಜುಗಡ್ಡೆಯ ಮೇಲಿನ ಗಾಳಿಯನ್ನು ಟರ್ಬೊ ಇಮ್ಮಡಿ ಒತ್ತಿದಾಗ ಅಷ್ಟು ದೂರ ಹಾರುವ ಶಕ್ತಿ ಯಾವ ಕಿಡಿಗೂ ಉಳಿಯುತ್ತಿರಲಿಲ್ಲ. ಹೊತ್ತದ ಪೆಟ್ರೋಲು ಹಾಗೆಯೇ ಹೊರಗೆ ಹೋಗಿ, ಕೆಂಪಗೆ ಕಾದ ಕೊಳವೆಯಲ್ಲಿ ತಡವಾಗಿ ಸಿಡಿಯುತ್ತಿತ್ತು. ಆ ಪಟಪಟ, ಒಳಗೆ ಹುಟ್ಟಬೇಕಿದ್ದ ಬೆಂಕಿ ಬೀದಿಯಲ್ಲಿ ಹುಟ್ಟಿದ ಸದ್ದು. ನಾನು ಸುರಿದ ಸ್ಪಿರಿಟ್ ಆ ಪೆಟ್ರೋಲನ್ನು ತೆಳು ಮಾಡಿ, ಹೊತ್ತುವುದನ್ನು ಇನ್ನಷ್ಟು ಕಷ್ಟ ಮಾಡಿತ್ತು.

ಪ್ಲಗ್ ಬಿಚ್ಚಿ, ಸಂದು ಕಿರಿದಾಗಲೆಂದು ತುದಿಯನ್ನು ಮೇಜಿನಂಚಿಗೆ ಮೆಲ್ಲಗೆ ತಟ್ಟಿದೆ. ಅಳತೆಪಟ್ಟಿ ಇಟ್ಟು ನೋಡಿ ಇನ್ನೊಮ್ಮೆ ತಟ್ಟಿದೆ. ಮತ್ತೆ ಕೋಟಿನ ಕೆಳಗೆ ಹೋದೆವು. ಈಗ ಕಿಡಿ ಗಿಡ್ಡವಾಗಿತ್ತು, ಗಾಳಿ ತುಂಬುವ ಮೊದಲು ನೋಡಲು ಏನೇನೂ ಚಂದವಿರಲಿಲ್ಲ. ಆದರೆ ಮುಳ್ಳು ಏರಿದಂತೆ ಅದು ಬೆಳ್ಳಗೆ, ಸೂಜಿಯಂತೆ ಬಿಗಿಯಾಗುತ್ತಾ ಹೋಯಿತು. ಮುಳ್ಳು ಕೊನೆಯ ಗೆರೆ ಮುಟ್ಟಿದಾಗಲೂ ಅದು ಅಲ್ಲೇ ಇತ್ತು.

"ಇನ್ನೊಂದ್ಸಲ ಹಾಕು," ಎಂದಳು ಟೆಲ್ಲರ್ವೊ.

ನಾಲ್ಕನ್ನೂ ನೋಡಿದಳು. ಆ ಕಿಂಡಿ ಅವಳಿಗೆ ಉಳಿದಿದ್ದ ನೋಟದಷ್ಟೇ ಅಗಲವಿತ್ತು, ಅಂಚಿನಲ್ಲಿ ಅವಳಿಗೆ ಏನೂ ಕಳೆದುಹೋಗುತ್ತಿರಲಿಲ್ಲ. ನಾನು ಕೋಟಿನಿಂದ ಹೊರಗೆ ಬಂದಮೇಲೂ ಅವಳು ಬರಲಿಲ್ಲ. ನಲ್ಲಿಯ ಸಿಳ್ಳೆ ಏರುತ್ತಿತ್ತು, ಇಳಿಯುತ್ತಿತ್ತು.

"ಸಿನಿಮಾ ಮುಗೀತೇನಮ್ಮಾ? ಕೋಟು ಬೇಕು, ಚಳಿ," ಎಂದಳು ಮಿರ್ಯಾ.

ಭಾನುವಾರ ಬೆಳಿಗ್ಗೆ ಟ್ಯಾಂಕಿನಲ್ಲಿದ್ದದ್ದನ್ನೆಲ್ಲ ಕೊಳವೆಯಿಟ್ಟು ಹೊರತೆಗೆದು ಹೊಸ ಪೆಟ್ರೋಲ್ ತುಂಬಿದೆ. ಪ್ಲಗ್ಗುಗಳನ್ನು ಬಿಗಿಯುವಷ್ಟರಲ್ಲಿ ಹನ್ನೆರಡು ದಾಟಿತ್ತು. ಟೆಲ್ಲರ್ವೊ ಕೀಲಿ ತಿರುಗಿಸಿದಳು.

ಸ್ಟಾರ್ಟ್ ಆಗಲಿಲ್ಲ.

ಆಗದಿದ್ದದ್ದು ಸಹಜವೇ. ರಾತ್ರಿಯೆಲ್ಲ ಮಂಜುಗಡ್ಡೆಯ ಮೇಲೆ ನಿಂತ ಎಂಜಿನ್, ಗಿಡ್ಡ ಕಿಡಿ. ಮತ್ತೆ ಮತ್ತೆ ತಿರುಗಿಸಿದಂತೆ ಬ್ಯಾಟರಿಯ ನರಳಾಟ ಉದ್ದವಾಯಿತು. ಜನ ಸೇರಿದರು. ಮನೆಗೆ ಎಳೆದೊಯ್ದು ಬೆಚ್ಚಗೆ ಮಾಡಿ ತರುವಷ್ಟರಲ್ಲಿ ದಾರಿ ಮುಚ್ಚುತ್ತದೆ.

"ಸ್ಪಿರಿಟ್ ಹಾಕಿ," ಎಂದರು ಯಾರೋ.

"ಇನ್ನೊಬ್ಬ ಆ ಮಾತು ಆಡಿದ್ರೆ ಮೀನು ಹಿಡಿಯೋ ತೂತಿಗೇ ಅವನನ್ನ ತಳ್ತೀನಿ," ಎಂದಳು ಅಕ್ಕ.

ಆರ್ಮಾಸ್ ತನ್ನ ಪುಟ್ಟ ಒಲೆಯ ಮೇಲೆ ಸಾಸೇಜ್ ಹುರಿಯುತ್ತಿದ್ದ. ನಾನು ಪ್ಲಗ್ಗುಗಳನ್ನು ಮತ್ತೆ ಬಿಚ್ಚಿಕೊಂಡು ಅವನ ಹತ್ತಿರ ಓಡಿದೆ.

"ಬಾಣಲೆ ಕೊಡು."

"ತಿಂಡಿ ಇದೆ ಅದರಲ್ಲಿ!"

"ತಿಂದ್ಬಿಡು."

ಅವನು ಮೂರು ಸಾಸೇಜನ್ನೂ ಒಟ್ಟಿಗೇ ಬಾಯಿಗೆ ತುರುಕಿಕೊಂಡು ನನ್ನನ್ನು ದಿಟ್ಟಿಸಿದ. ಬಾಣಲೆಯನ್ನು ಹಿಮದಲ್ಲಿ ಉಜ್ಜಿ ಒರೆಸಿ, ನಾಲ್ಕು ಪ್ಲಗ್ಗುಗಳನ್ನು ಅದರಲ್ಲಿ ಹುರಿದೆ. ಉಗುಳಿದರೆ ಚುಂಯ್ ಎನ್ನುವಷ್ಟು ಕಾದಾಗ ಇಕ್ಕಳದಲ್ಲಿ ಹಿಡಿದು ಓಡಿಬಂದು, ಕೈಗವಸು ಸುಡುತ್ತಿರುವಾಗಲೇ ತಿರುಪಿದೆ. ಬಿಸಿ ತುದಿಗಳಿಗೆ ತಾಗಿದ ಪೆಟ್ರೋಲು ಆವಿಯಾಯಿತು. ಎಂಜಿನ್ ಒಂದು ಸಲ ಗೊಣಗಿತು, ಎರಡು ಸಲ ಗೊಣಗಿತು, ಹತ್ತಿಕೊಂಡಿತು. ಆರ್ಮಾಸ್ ಬಾಯಿ ತುಂಬ ಸಾಸೇಜ್ ಇಟ್ಟುಕೊಂಡೇ ಕೂಗಿದ. ಏನು ಕೂಗಿದನೋ ತಿಳಿಯಲಿಲ್ಲ.

ನಾನು ಅವಳ ಪಕ್ಕದಲ್ಲಿ ಕೂತೆ. ದಾರಿಯ ಕೊನೆಯಲ್ಲಿ ಬದಿಗೆ ನೆಟ್ಟ ಹಳದಿ ಹಲಗೆ ಬಂದಾಗ ಬ್ರೇಕ್ ಹಾಕಬೇಕು. ಬದಿಯ ಹಲಗೆ ಅವಳಿಗೆ ಕಾಣುವುದಿಲ್ಲ. ಅದು ಬಂದಾಗ "ಈಗ" ಎನ್ನುವುದು ನನ್ನ ಕೆಲಸ. ಅದೊಂದೇ ಕೆಲಸ. ನಮ್ಮದೇ ಕೊನೆಯ ಸರದಿ.

ಓಟ ಶುರು ಮಾಡುವ ಬಾವುಟ ಕೆಳಗಿಳಿಯಿತು. ಅವಳು ಕಾಲು ಒತ್ತಿದಳು, ಎತ್ತಲಿಲ್ಲ.

ಟೈರಿನ ಮೊಳೆಗಳು ಮಂಜುಗಡ್ಡೆಯನ್ನು ಕಚ್ಚಿದವು. ಕೊಂಬೆಗಳು ಗೆರೆಯಾದವು. ಟರ್ಬೊದ ಸಿಳ್ಳೆ ಎದ್ದಿತು, ಮೊದಲು ದೂರದ ಕೀಟದಂತೆ, ಆಮೇಲೆ ಎಲ್ಲ ಕಡೆಯಿಂದ. ನಿನ್ನೆ ಕೆಮ್ಮಿದ ಜಾಗ ಬಂತು. ಜಾಗ ಹೋಯಿತು. ಸದ್ದು ಮುರಿಯಲಿಲ್ಲ. ಬೆನ್ನು ಸೀಟಿಗೆ ಅಂಟಿಕೊಂಡಿತು, ಸದ್ದು ಏರಿತು, ಮುರಿಯದೆ ಏರಿತು, ಇನ್ನು ಇದಕ್ಕಿಂತ ಏರಲಾರದು ಎನ್ನುವಲ್ಲಿಂದ ಮತ್ತೆ ಏರಿತು. ನಮ್ಮ ಮೊಣಕಾಲಿನಿಂದ ಒಂದು ಮಾರು ದೂರದಲ್ಲಿ, ಇಡೀ ಕೆರೆಯ ಚಳಿಯನ್ನು ಹಿಂಡಿ ತುಂಬಿದ ಗಾಳಿಯೊಳಗೆ, ಸೆಕೆಂಡಿಗೆ ನೂರೆಂಬತ್ತು ಸಲ ಒಂದು ಸೂಜಿಯಷ್ಟು ಬೆಳಕು ಆ ಗೋಡೆಯನ್ನು ದಾಟುತ್ತಿತ್ತು. ಒಂದೊಂದು ಸಲವೂ ದಾಟುತ್ತಿತ್ತು. ಒಂದು ಸಲವೂ ಸೋಲುತ್ತಿರಲಿಲ್ಲ. ನಾನು ಅದನ್ನು ಎಣಿಸಬಲ್ಲೆ ಎಂದು ಆಗ ಅನ್ನಿಸಿತ್ತು. ಕಣ್ಣು ಮುಚ್ಚಿದ್ದೆನೋ, ತೆರೆದಿದ್ದೆನೋ. ಪ್ರಪಂಚದಲ್ಲಿ ಇಷ್ಟು ಕಡೆ ಇಷ್ಟು ಕಾರುಗಳು ಓಡುತ್ತವೆ, ಜನ ಅವುಗಳಲ್ಲಿ ಕೂತು ರೊಟ್ಟಿ ತಿನ್ನುತ್ತಾರೆ, ಜಗಳವಾಡುತ್ತಾರೆ, ಯಾರಿಗೂ ಇದರ ಅರಿವಿಲ್ಲ ಎಂಬುದು ನನಗೆ ನಂಬಲಾಗದ ಸಂಗತಿಯಾಗಿ ಕಂಡಿತು.

ಹಳದಿಯ ಚುಕ್ಕೆಯೊಂದು ಪಕ್ಕದಲ್ಲಿ ಹಾದುಹೋಯಿತು.

ಕೊಂಬೆಗಳು ಮುಗಿದವು. ಅವಳು ಅದನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿ ದಾರಿಯೂ ಮುಗಿದಿತ್ತು. ಯಾರೂ ತುಳಿಯದ ಹಿಮದೊಳಕ್ಕೆ ಕಾರು ದೋಣಿಯಂತೆ ನುಗ್ಗಿತು. ಗಾಜಿನ ತುಂಬ ಬಿಳಿ. ಎರಡೂ ಬದಿಯಲ್ಲಿ ಹಿಮ ಅಲೆಯಾಗಿ ಎದ್ದು ಬಿತ್ತು. ಮೆತ್ತಗೆ, ಬಹಳ ಹೊತ್ತಿನ ನಂತರ, ನಿಂತೆವು.

ಎಂಜಿನ್ ಮೆಲ್ಲಗೆ, ಸರಿಯಾಗಿ ಓಡುತ್ತಿತ್ತು.

"ಎಲ್ಲಿದೀವೋ?" ಎಂದಳು ಟೆಲ್ಲರ್ವೊ.

ನಾನು ಗಾಜು ಇಳಿಸಿ ಹಿಂದೆ ನೋಡಿದೆ. ನಾವು ಉತ್ತ ಸಾಲು ನೇರವಾಗಿ ದಾರಿಯವರೆಗೆ ಹೋಗಿತ್ತು, ಹೊಗೆ ಅದರಲ್ಲಿ ಸಲೀಸಾಗಿ ತೇಲಿಹೋಗುತ್ತಿತ್ತು. "ಆಚೆ ದಡದ ಹತ್ರ. ಹಲಗೆ ದಾಟಿ ಬಹಳ ದೂರ ಬಂದಿದೀವಿ."

"ನೀನು ಹೇಳ್ಲೇ ಇಲ್ಲ."

"ಕೇಳ್ತಾ ಕೂತ್ಬಿಟ್ಟೆ ಕಣೇ."

ಅವಳು ಬಯ್ಯುತ್ತಾಳೆ ಎಂದುಕೊಂಡೆ. ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲೆಯೇ ಇಟ್ಟುಕೊಂಡು ಮುಂದೆ ನೋಡುತ್ತಿದ್ದಳು, ಗಾಜಿನ ಮೇಲಿನ ಬರಿಯ ಬಿಳಿಯನ್ನು. ಕೆನ್ನೆ ಒದ್ದೆಯಾಗಿತ್ತು. ನಗುತ್ತಿದ್ದಳು.

"ಒಂದ್ಸಲಾನೂ ತಪ್ಪಲಿಲ್ಲ ಅಲ್ವಾ?" ಎಂದಳು.

"ಒಂದ್ಸಲಾನೂ ಇಲ್ಲ."

ದೂರದಲ್ಲಿ ಕೆಂಪು ಬಾವುಟ ಏರುತ್ತಿತ್ತು. ಅದು ಅವಳಿಗೆ ಕಾಣುವಂತಿರಲಿಲ್ಲ, ನಾನು ಹೇಳಲೂ ಇಲ್ಲ. ಸಲಿಕೆ ಹೊತ್ತ ನಾಲ್ಕೈದು ಜನ ಹಿಮದಲ್ಲಿ ಕಾಲು ಹೂತುಕೊಂಡು ನಮ್ಮ ಕಡೆ ಬರತೊಡಗಿದ್ದರು.

ಅವಳ ಕೈ ಕೀಲಿಗೆ ಹೋಯಿತು. "ಆರಿಸ್ಲಾ?"

ಪೂರ್ತಿ ಓಡಿದ ಟರ್ಬೊವನ್ನು ಒಡನೆ ನಿಲ್ಲಿಸಬಾರದು. ಚಕ್ರ ಕೆಂಪಗೆ ಕಾದಿರುತ್ತದೆ, ಅದು ತಣಿಯುವ ತನಕ ಎಂಜಿನ್ ಮೆಲ್ಲಗೆ ಓಡುತ್ತಿರಬೇಕು. ಇದನ್ನೂ ನಾನು ಹುಡುಗರಿಗೆ ಕಲಿಸುತ್ತೇನೆ.

"ತಡಿ, ತಣ್ಣಗಾಗ್ಲಿ," ಎಂದೆ.

ಅವಳು ಕೈ ತೆಗೆದು ಸ್ಟಿಯರಿಂಗ್ ಮೇಲಿಟ್ಟಳು. ಕೂತೆವು. ಸಲಿಕೆಯವರು ಹತ್ತಿರವಾದರು, ಆರ್ಮಾಸನ ಟೋಪಿ ಗುರುತು ಸಿಕ್ಕಿತು, ಅವನ ಬೈಗುಳವೂ ಕೇಳಿಸತೊಡಗಿತು. ಚಕ್ರ ತಣಿಯಲು ಬೇಕಾದಷ್ಟು ಹೊತ್ತು ಕಳೆದು, ಅದರ ಎರಡರಷ್ಟೂ ಕಳೆದಿತ್ತು.

"ಆಯ್ತೇನೋ?" ಎಂದು ಕೇಳಿದಳು.

"ಇನ್ನೂ ಇಲ್ಲ," ಎಂದೆ.